ಮೇಕೆಗೆ ಬಿದ್ದ ಏಟು

ನಮ್ಮ ದೇಶದ ಠಾಣೆಗಳ ಇಲಿಗಳ ಬಗ್ಗೆ ನನಗೆ ಅಪಾರ ಗೌರವ. ಮಥುರಾದ ಇಲಿಗಳು 581 ಕಿಲೋ ಗಾಂಜಾ ತಿಂದು ತೇಗಿದ್ದು ನಿಮಗೂ ನೆನಪಿರಬೇಕು. 2022ರಲ್ಲಿ ಕೋರ್ಟು ‘ಮಾಲೆಲ್ಲಿ?’ ಅಂದಾಗ ಪೊಲೀಸರು ಕೊಟ್ಟ ಉತ್ತರ ಅದು. ಇಲಿಯೊಂದು ಕಾಲು ಕಿಲೋ ತೂಗುತ್ತದೆ ಅಂತಿಟ್ಟುಕೊಳ್ಳಿ. ತನ್ನ ತೂಕದಷ್ಟೇ ತಿಂದರೂ 2,324 ಇಲಿ ಬೇಕು. ಅಷ್ಟೂ ತೂರಾಡುತ್ತಾ ಹೊರಟಾಗ ಬಾಗಿಲಲ್ಲಿದ್ದ ಪೇದೆ ಸೆಲ್ಯೂಟ್ ಹೊಡೆದನೋ ಏನೋ. ನ್ಯಾಯಾಧೀಶರು ಮಾತ್ರ ಅರಸಿಕರು. ಇಲಿ ತಿಂದದ್ದಕ್ಕೆ ಸಾಕ್ಷಿ ತನ್ನಿ ಅಂದುಬಿಟ್ಟರು.

ಬಿಹಾರದ ಇಲಿಗಳು ಇನ್ನೂ ಸೀನಿಯರ್. 2017ರ ಮೇನಲ್ಲಿ ಠಾಣೆಯಲ್ಲಿದ್ದ ಮದ್ಯ ಕುಡಿದವು. ಸೆಪ್ಟೆಂಬರ್ ಹೊತ್ತಿಗೆ ನದಿ ಒಡ್ಡು ಕೊರೆದು ಪ್ರವಾಹವನ್ನೂ ತಂದಿದ್ದವು. ಇದನ್ನು ಹೇಳಿದವರು ಸಾಕ್ಷಾತ್ ಜಲಸಂಪನ್ಮೂಲ ಸಚಿವರು. ಗಣಪತಿಯನ್ನೇ ಹೊರುವ ಪ್ರಾಣಿ, ಇಲಾಖೆಯ ತಪ್ಪು ಹೊರುವುದೇನು ಮಹಾ!

ಇಲಿ ಮೇಲೆ ಹೊರಿಸುವ ವಿದ್ಯೆ ನನಗೂ ಗೊತ್ತು. ಚಿಕ್ಕವನಿದ್ದಾಗ ನಾಗಂದಿಗೆ ಮೇಲಿನ ಬೆಲ್ಲದ ಡಬ್ಬಿಗೆ ಕೈ ಹಾಕಿ, ‘ಇಲಿ ಕಾಟ ಕಣಜ್ಜಿ’ ಅಂದಿದ್ದೆ. ‘ಮುಚ್ಚಳ ತೆಗೆದು ತಿನ್ನೋ ಇಲಿ ಏನೋ?’ ಅಂತ ನನ್ನ ಮುಖ ನೋಡಿದರೂ, ರಾತ್ರಿ ಅಜ್ಜಿ ಬೋನಿನ ಕೊಕ್ಕೆಗೆ ಸುಟ್ಟ ಕೊಬ್ಬರಿ ಚೂರು ಸಿಕ್ಕಿಸಿದರು. ಬೆಳಿಗ್ಗೆ ಒಳಗೊಂದು ಮರಿ ಇಲಿ, ಮೂತಿಯನ್ನು ತಂತಿಗೆ ಒತ್ತಿಕೊಂಡು ಕೂತಿತ್ತು. ಮಾವ ಬೋನು ಸಮೇತ ಬಚ್ಚಲ ಬಕೆಟ್ಟಿಗೆ ಇಳಿಸಿದರು. ಗುಳ್ಳೆ ನಿಲ್ಲುವವರೆಗೂ ನಾನು ಬಾಯಿ ಬಿಡಲಿಲ್ಲ. ಬಾಯಲ್ಲಿ ಬೆಲ್ಲ ಇತ್ತು.

ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸಿತು ಅನ್ನುತ್ತೇವೆ. ಕೋತಿಯ ಜಾಣತನಕ್ಕೆ ಒಂದಿಷ್ಟು ನಗುತ್ತೇವೆ. ಗಾದೆ ಅಲ್ಲಿಗೇ ನಿಲ್ಲುತ್ತದೆ. ಮನೆಯವರು ದೊಣ್ಣೆ ಹಿಡಿದು ಬಂದ ಮೇಲೆ ಮೇಕೆ ಏನಾಯಿತು ಅಂತ ಯಾರೂ ಕೇಳಿಲ್ಲ.

2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅಂತ ವಾಟ್ಸ್ಆ್ಯಪ್‌ನಲ್ಲಿ ಹಬ್ಬಿತಲ್ಲ, ಆಗ ಏನಾಯಿತು? ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ರಾಜಸ್ಥಾನದಿಂದ ದುಡಿಯಲು ಬಂದಿದ್ದ ಹುಡುಗನನ್ನು ಕಟ್ಟಿಹಾಕಿ ಹೊಡೆದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಗೆ ಹೈದರಾಬಾದಿನಿಂದ ಕಾರಿನಲ್ಲಿ ಬಂದವರು ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಚಾಕೊಲೇಟ್, ಅಷ್ಟೇ. ಮುರ್ಕಿಯಲ್ಲಿ ರಸ್ತೆಗೆ ಅಡ್ಡ ಹಾಕಿ ಅವರಲ್ಲೊಬ್ಬ ಇಂಜಿನಿಯರನನ್ನು ಮುಗಿಸಿದರು. ಇಲ್ಲಿ ಯಾರೂ ಸಾಕ್ಷಿ ತನ್ನಿ ಅನ್ನಲಿಲ್ಲ.

ಆಗ ಎಲ್ಲರ ಮೊಬೈಲಿನಲ್ಲಿ ಓಡಾಡುತ್ತಿದ್ದ, ಬೈಕಿನಲ್ಲಿ ಬಂದು ಮಗು ಎತ್ತಿಕೊಂಡು ಹೋಗುವ ವಿಡಿಯೊ ಕರಾಚಿಯದು. ಮಕ್ಕಳ ಬಗ್ಗೆ ಎಚ್ಚರ ಇರಲಿ ಅಂತ ಮಾಡಿದ ಜಾಹೀರಾತು ಅದು. ಕೊನೆಯಲ್ಲಿ ಆ ಬೈಕಿನವರು ಮಗುವನ್ನು ವಾಪಸ್ ತಂದು ಬಿಡುತ್ತಾರೆ. ಯಾವನೋ ಆ ಕೊನೆಯನ್ನು ಕತ್ತರಿಸಿದ. ಉಳಿದದ್ದನ್ನು ನಾವು ನೀವು ಕಳಿಸಿದೆವು, ಮರುದಿನ ಬೆಳಿಗ್ಗೆ ಅದೇ ಗ್ರೂಪಿಗೆ ಗುಲಾಬಿ ಹೂವಿನ ಜೊತೆ ಶುಭೋದಯವನ್ನೂ ಕಳಿಸಿದೆವು.