ಯಾರೋ ಬಿಗಿದ ಬೋಲ್ಟು

ಹಳೆಯ ಕಾರನ್ನು ಮತ್ತೆ ನೆಟ್ಟಗೆ ಮಾಡುವುದು ಕಟ್ಟುವ ಕೆಲಸವೆಂದು ನೋಡುವವರು ತಿಳಿದಿರುತ್ತಾರೆ. ಮಾಡುವವರಿಗೆ ಗೊತ್ತು, ಅದರಲ್ಲಿ ಮುಕ್ಕಾಲು ಪಾಲು ಬಿಚ್ಚುವ ಕೆಲಸ. ಕಾರ್ಖಾನೆಯಲ್ಲಿ ಯಾರೋ ಒಬ್ಬ ಕಣ್ಣು ಮಿಟುಕಿಸುವಷ್ಟರಲ್ಲಿ ಬಿಗಿದು ಮುಂದಿನ ಕಾರಿನತ್ತ ತಿರುಗಿದ ಬೋಲ್ಟನ್ನು ಅರ್ಧ ಶತಮಾನದ ನಂತರ ಸಡಿಲಿಸಲು ನನಗೆ ಒಂದು ಇಡೀ ಭಾನುವಾರ ಸಾಲುವುದಿಲ್ಲ. ಅವನಿಗೆ ಅದಕ್ಕೆ ಸಂಬಳ ಸಿಕ್ಕಿತ್ತು. ನನಗೆ ಸಿಗುವುದು ಬೆನ್ನುನೋವು. ಆದರೂ ವಾರವಿಡೀ ಆ ಭಾನುವಾರದ ದಾರಿ ಕಾಯುತ್ತೇನೆಂದರೆ ನನ್ನ ಬುದ್ಧಿಯ ಬಗ್ಗೆ ಮನೆಯವರಿಗಿರುವ ಅಭಿಪ್ರಾಯ ಪೂರ್ತಿ ತಪ್ಪಲ್ಲ.

ಕಾರು ಗ್ಯಾರೇಜಿನಲ್ಲಿ ಸ್ಟ್ಯಾಂಡುಗಳ ಮೇಲೆ ಕೂತಿದೆ. ಅದರ ಹೆಸರು ಹೇಳುವುದಿಲ್ಲ. ಹೇಳಿದರೆ ಬಲ್ಲವರು ‘ಅಯ್ಯೋ, ಅದರ ಫ್ಲೋರ್ ನೋಡಿದಿರಾ?’ ಎಂದು ಶುರುಮಾಡುತ್ತಾರೆ. ಅರಿಯದವರು ‘ಈಗ ಇದು ಎಷ್ಟಕ್ಕೆ ಹೋಗುತ್ತದೆ?’ ಎಂದು ಕೇಳುತ್ತಾರೆ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ ಚಾರಿತ್ರಿಕ ವಾಹನಕ್ಕೆ ಒಂದು ವ್ಯಾಖ್ಯೆ ಕೊಟ್ಟಿದೆ: ಕನಿಷ್ಠ 30 ವರ್ಷ ಹಳೆಯದಾಗಿರಬೇಕು, ಮೂಲ ಸ್ವರೂಪಕ್ಕೆ ತಕ್ಕಂತೆ ಕಾಪಾಡಿರಬೇಕು, ದಿನನಿತ್ಯದ ಓಡಾಟಕ್ಕೆ ಬಳಸುತ್ತಿರಬಾರದು. ಎರಡನೆಯ ಷರತ್ತಿನ ಬಗ್ಗೆ ಚರ್ಚೆಗೆ ಅವಕಾಶವಿದೆ. ಮೂರನೆಯದನ್ನು ಮಾತ್ರ ನನ್ನ ಕಾರು ಪಾಲಿಸಿರುವಷ್ಟು ಕಟ್ಟುನಿಟ್ಟಾಗಿ ಬೇರೆ ಯಾವುದೂ ಪಾಲಿಸಿರಲಾರದು.

ಬೋಲ್ಟು ಯಾಕೆ ಬರುವುದಿಲ್ಲ ಎನ್ನುವುದು ರಸಾಯನಶಾಸ್ತ್ರದ ವಿಷಯ. ಕಾರಿನ ಕೆಳಗೆ ಅಂಗಾತ ಮಲಗಿ, ಕಣ್ಣಿಗೆ ಮಣ್ಣು ಉದುರಿಸಿಕೊಳ್ಳುತ್ತಿರುವವನಿಗೆ ಅದು ವೈಯಕ್ತಿಕ ದ್ವೇಷದ ವಿಷಯ. ಕಬ್ಬಿಣಕ್ಕೆ ನೀರೂ ಆಮ್ಲಜನಕವೂ ಕೂಡಿಬಂದರೆ ತುಕ್ಕು; ಉಪ್ಪು ಸೇರಿದರೆ ಕೆಲಸ ಇನ್ನೂ ಚುರುಕು. ಈ ತುಕ್ಕು ತಾನು ತಿಂದ ಕಬ್ಬಿಣ ಇದ್ದುದಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುತ್ತದೆ. ನಟ್ಟಿಗೂ ಬೋಲ್ಟಿಗೂ ನಡುವೆ, ಥ್ರೆಡ್‌ಗಳ, ಅಂದರೆ ತಿರುಪಿನ ಸುತ್ತುಗಳ ಸಂದಿನಲ್ಲಿ, ಕೂದಲೆಳೆಯಷ್ಟೂ ಜಾಗವಿರುವುದಿಲ್ಲ. ಅಲ್ಲಿ ಉಬ್ಬಿದ ತುಕ್ಕು ಎರಡನ್ನೂ ಒಂದಾಗಿಸಿಬಿಡುತ್ತದೆ. ಅಲ್ಯುಮಿನಿಯಂ ಕೂಡ ಗಾಳಿಯೊಡನೆ ಬೆರೆತು ಆಕ್ಸೈಡ್ ಆಗುತ್ತದೆ, ಆದರೆ ಅದರ ಆಕ್ಸೈಡು ಮೈಗೆ ಅಂಟಿಕೊಂಡು ಒಳಗಿನ ಲೋಹವನ್ನು ಕಾಯುತ್ತದೆ. ಕಬ್ಬಿಣದ ತುಕ್ಕಿಗೆ ಆ ಸಂಸ್ಕಾರವಿಲ್ಲ. ತಾನು ಉದುರಿ, ಕೆಳಗಿನ ಹಸಿ ಕಬ್ಬಿಣವನ್ನು ಮತ್ತೆ ಗಾಳಿಗೆ ಒಡ್ಡಿ, ಮತ್ತೆ ಹೊಸದಾಗಿ ಊಟಕ್ಕೆ ಕೂರುತ್ತದೆ. 1948ರಲ್ಲಿ ಬಂದ ಲ್ಯಾಂಡ್ ರೋವರಿನ ಮೈಯನ್ನು ಅಲ್ಯುಮಿನಿಯಂ ಮಿಶ್ರಲೋಹದಲ್ಲಿ ಮಾಡಿದ್ದರು. ದೂರದೃಷ್ಟಿಯಿಂದಲ್ಲ, ಯುದ್ಧ ಮುಗಿದ ಕಾಲದಲ್ಲಿ ಉಕ್ಕು ಸಿಗುತ್ತಿರಲಿಲ್ಲ, ಅಷ್ಟೇ. ಅಭಾವದ ಪುಣ್ಯದಿಂದ ಮೈ ಉಳಿಯಿತು. ಅಡಿಯ ಚಾಸಿ ಮಾತ್ರ ಉಕ್ಕಿನದೇ ಆದ್ದರಿಂದ ಅವುಗಳ ಮಾಲೀಕರೂ ನನ್ನ ಹಾಗೆಯೇ ನೆಲದ ಮೇಲೆ ಮಲಗಿದ್ದಾರೆ.

ಬಾರದ ಬೋಲ್ಟಿಗೆ ಮೊದಲ ಉಪಚಾರ ಎಣ್ಣೆ. ನೀಲಿ ಡಬ್ಬದ ಡಬ್ಲ್ಯುಡಿ-40 ಎಲ್ಲರಿಗೂ ಗೊತ್ತು. 1953ರಲ್ಲಿ ಅಮೆರಿಕದ ಒಂದು ಸಣ್ಣ ಕಂಪನಿ ನೀರನ್ನು ದೂರವಿಡುವ ದ್ರವವೊಂದನ್ನು ಹುಡುಕುತ್ತಾ ನಲವತ್ತನೆಯ ಪ್ರಯತ್ನದಲ್ಲಿ ಇದನ್ನು ಪಡೆಯಿತು. ಮೊದಮೊದಲು ಇದನ್ನು ಬಳಿದದ್ದು ಅಟ್ಲಾಸ್ ಕ್ಷಿಪಣಿಯ ಮೈಗೆ, ತುಕ್ಕು ಹಿಡಿಯದಿರಲೆಂದು. ಭೂಖಂಡ ದಾಟುವ ಕ್ಷಿಪಣಿಗೆ ಬಳಿದ ದ್ರವವನ್ನು ಇಂದು ಗೇಟಿನವರೆಗೂ ಹೋಗಲಾರದ ಕಾರಿನ ಬುಡಕ್ಕೆ ಎರಚುತ್ತಿದ್ದೇವೆ. ಕೈ ಪಳಗಿದವರು ಅದನ್ನೂ ನೆಚ್ಚುವುದಿಲ್ಲ. ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆಗೆ ಅಷ್ಟೇ ಪ್ರಮಾಣದ ಅಸಿಟೋನ್ ಬೆರೆಸಿಟ್ಟುಕೊಳ್ಳುತ್ತಾರೆ. ಬೆಂಕಿಯ ಹತ್ತಿರ ಅದನ್ನು ಇಡದಿರುವಷ್ಟು ಎಚ್ಚರ ಇರಬೇಕು, ಯಾಕೆಂದರೆ ಎರಡನೆಯ ಉಪಚಾರವೇ ಬೆಂಕಿ. ನಟ್ಟನ್ನು ಕಾಯಿಸಿದರೆ ಅದು ಕೊಂಚ ಹಿಗ್ಗುತ್ತದೆ, ಒಳಗಿನ ತುಕ್ಕು ಬಿರುಕು ಬಿಡುತ್ತದೆ. ಬಿಚ್ಚುವ ಮೊದಲು ಒಂದಿಷ್ಟು ಬಿಗಿಯಬೇಕು ಎಂಬುದು ಮೂರನೆಯ ಉಪಾಯ. ಕೇಳಲು ವಿಚಿತ್ರ, ಆದರೆ ಹಟ ಹಿಡಿದವರ ಜೊತೆ ಮೊದಲು ಒಂದು ಮಾತಿಗೆ ಹೌದೆನ್ನಬೇಕಾದ ಹಾಗೆ, ತುಕ್ಕಿನ ಹಿಡಿತ ಮೊದಲು ಮುರಿಯುವುದು ಯಾವ ದಿಕ್ಕಿನಲ್ಲಾದರೂ ಸರಿಯೇ.

ಇಷ್ಟಾದ ಮೇಲೆ ಸ್ಪಾನರ್ ಹಾಕಿ ಭಾರ ಬಿಟ್ಟರೆ ಅದು ಅಲುಗುತ್ತದೆ. ಈ ಅಲುಗಾಟದಲ್ಲಿ ಎರಡು ಬಗೆ. ಒಂದರಲ್ಲಿ ‘ಕಿರ್ರ್’ ಎಂಬ ಒಣ ಸದ್ದು ಬರುತ್ತದೆ, ಅಂಗೈಗೆ ಸಣ್ಣ ಏಟು ಬಿದ್ದಂತಾಗುತ್ತದೆ, ನಟ್ಟಿನ ಬುಡದಿಂದ ಕೆಂಪು ಪುಡಿ ಉದುರುತ್ತದೆ. ಆಗ ಗೆದ್ದಂತೆ. ಇನ್ನೊಂದರಲ್ಲಿ ಸದ್ದೇ ಇರುವುದಿಲ್ಲ. ಸ್ಪಾನರ್ ಮೆತ್ತಗೆ, ಬಲು ಸೌಜನ್ಯದಿಂದ ತಿರುಗತೊಡಗುತ್ತದೆ. ಹೊಸಬರು ಹಿಗ್ಗುತ್ತಾರೆ. ತಿರುಗುತ್ತಿರುವುದು ನಟ್ಟಲ್ಲ, ಬೋಲ್ಟಿನ ಕಾಂಡವೇ ತಿರುಚುತ್ತಿದೆ. ಅಲ್ಲೇ ನಿಲ್ಲಿಸಿ, ಎಣ್ಣೆ ಬಿಟ್ಟು, ದೀಪ ಆರಿಸಿ ಮಲಗಲು ಹೋಗಬೇಕು. ಇನ್ನೊಂದು ಕಾಲು ಸುತ್ತು ಎಂದು ಆಸೆಪಟ್ಟರೆ ತಲೆ ಕೈಗೆ ಬರುತ್ತದೆ, ಮುಂಡ ಒಳಗೆ ಉಳಿಯುತ್ತದೆ. ಎಂಜಿನ್ನಿಗೆ ಹೊಗೆಕೊಳವೆ ಸೇರುವಲ್ಲಿನ ಬೋಲ್ಟುಗಳು ಈ ವಿಷಯದಲ್ಲಿ ಕುಖ್ಯಾತ. ಆಯುಷ್ಯವೆಲ್ಲ ಕಾದು ಆರಿ, ಕಾದು ಆರಿ ಅವುಗಳಲ್ಲಿ ಸತ್ವವೇ ಉಳಿದಿರುವುದಿಲ್ಲ. ಆಮೇಲೆ ಉಳಿದ ಮುಂಡದ ನಟ್ಟನಡುವೆ ರಂಧ್ರ ಕೊರೆದು, ಎಕ್ಸ್‌ಟ್ರ್ಯಾಕ್ಟರ್ ಎಂಬ ಉಲ್ಟಾ ಸುತ್ತಿನ ಗಟ್ಟಿ ಉಪಕರಣವನ್ನು ತೂರಿಸಿ ತಿರುಗಿಸಬೇಕು. ಅದೂ ಒಳಗೇ ಮುರಿದರೆ? ಅದು ಡ್ರಿಲ್ ಬಿಟ್ಟಿಗೂ ಬಗ್ಗದಷ್ಟು ಗಟ್ಟಿ ಉಕ್ಕು. ಗಾದೆಗಳೆಲ್ಲ ಸೋಲುವ ಜಾಗ ಅದು.

ಇನ್ನು ಅಳತೆಯ ಕಥೆ. 1841ರಲ್ಲಿ ಜೋಸೆಫ್ ವಿಟ್‌ವರ್ತ್ ಎಂಬ ಇಂಗ್ಲಿಷ್ ಎಂಜಿನಿಯರ್ ತಿರುಪಿನ ಸುತ್ತಿಗೆ ಒಂದೇ ಮಾನ ಇರಲಿ, ಅದರ ಕೋನ 55 ಡಿಗ್ರಿ ಇರಲಿ ಎಂದು ಸೂಚಿಸಿದ. ಅದಕ್ಕೂ ಮೊದಲು ಒಂದೊಂದು ಕಾರ್ಖಾನೆಗೆ ಒಂದೊಂದು ಸುತ್ತು. ಆಮೇಲೆ ಬಂದ ಅಮೆರಿಕದ ಮಾನ 60 ಡಿಗ್ರಿಯದು, ಮೆಟ್ರಿಕ್ ಕೂಡ 60 ಡಿಗ್ರಿಯದೇ, ಆದರೆ ಒಂದು ಇಂಚಿನಲ್ಲಿ ಅಳೆಯುತ್ತದೆ, ಇನ್ನೊಂದು ಮಿಲಿಮೀಟರಿನಲ್ಲಿ. ಎಲ್ಲಕ್ಕಿಂತ ಸೊಗಸು ಇಂಗ್ಲೆಂಡಿನ ಮಾರಿಸ್ ಕಾರು ಕಂಪನಿಯದು. ಮೊದಲ ಮಹಾಯುದ್ಧದ ನಂತರ ಅದಕ್ಕೆ ಎಂಜಿನ್ ಮಾಡಿಕೊಡುತ್ತಿದ್ದುದು ಕಾವೆಂಟ್ರಿಯಲ್ಲಿದ್ದ ಹಾಚ್‌ಕಿಸ್ ಎಂಬ ಫ್ರೆಂಚ್ ಶಸ್ತ್ರಾಸ್ತ್ರ ಕಂಪನಿ. ಅವರ ಯಂತ್ರಗಳೆಲ್ಲ ಮೆಟ್ರಿಕ್. ಇಂಗ್ಲೆಂಡಿನ ಮೆಕ್ಯಾನಿಕ್‌ಗಳ ಪೆಟ್ಟಿಗೆಯಲ್ಲಿದ್ದ ಸ್ಪಾನರ್‌ಗಳೆಲ್ಲ ವಿಟ್‌ವರ್ತ್. ಪರಿಹಾರ ಏನೆಂದರೆ, ಬೋಲ್ಟಿನ ಮೈಯನ್ನು ಮೆಟ್ರಿಕ್ಕಾಗಿಯೇ ಬಿಟ್ಟು ತಲೆಯನ್ನು ಮಾತ್ರ ವಿಟ್‌ವರ್ತ್ ಮಾಡಿದರು. ಮುಂದೆ ಮಾರಿಸ್ ಆ ಕಾರ್ಖಾನೆಯನ್ನು ಕೊಂಡ ಮೇಲೂ ಇದು ಮುಂದುವರಿದು, ಅದೇ ಬಳಗದ ಎಂಜಿ ಕಾರುಗಳ 1950ರ ದಶಕದ ಎಂಜಿನ್ನಿನಲ್ಲೂ ಉಳಿಯಿತು. ಇಂಥ ಬೋಲ್ಟೊಂದು ಕಳೆದುಹೋಗಿ, ತಲೆಯ ಅಳತೆ ನೋಡಿ ಬೇರೆಯದನ್ನು ಹುಡುಕಹೊರಟವನ ಪಾಡನ್ನು ಊಹಿಸಿಕೊಳ್ಳಬಹುದು. ಹಳೆಯ ಕಾರಿನ ಒಡೆಯನ ಬಳಿ ಮೂರು ಬಗೆಯ ಸ್ಪಾನರ್ ಸೆಟ್ಟುಗಳಿರುತ್ತವೆ, ಬೇಕಾದ ನಂಬರ್ ಮೂರರಲ್ಲೂ ಕಾಣೆಯಾಗಿರುತ್ತದೆ.

ಕಾರ್ಖಾನೆಯವನ ಜೊತೆಗಿನ ಜಗಳ ಇಷ್ಟೇ. ದೊಡ್ಡ ಜಗಳ ಇರುವುದು ನಡುವಿನವನ ಜೊತೆ. ಕಾರು ಕಾರ್ಖಾನೆಯಿಂದ ಹೊರಟು ನನ್ನ ಗ್ಯಾರೇಜಿಗೆ ಬಂದು ಸೇರುವ ಮಧ್ಯೆ ಅದನ್ನು ಮುಟ್ಟಿದ ಅಜ್ಞಾತ ಮಹಾನುಭಾವರನ್ನೆಲ್ಲ ಸೇರಿಸಿ ನಾನು ‘ಅವನು’ ಎನ್ನುತ್ತೇನೆ. ಅವನನ್ನು ಹಿಡಿಯಲು ಒಂದು ಸಣ್ಣ ಅಯಸ್ಕಾಂತ ಸಾಕು. ಬಣ್ಣಕ್ಕೆ ಗೀರು ಬೀಳದಂತೆ ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಬಾಗಿಲಿನ ಮೇಲೆ ನಿಧಾನವಾಗಿ ಸರಿಸಿದರೆ ತಗಡು ಇರುವಲ್ಲೆಲ್ಲ ಗಪ್ಪನೆ ಹಿಡಿಯುತ್ತದೆ. ಒಂದೆಡೆ ಇದ್ದಕ್ಕಿದ್ದಂತೆ ಹಿಡಿತ ಬಿಡುತ್ತದೆ. ಅಲ್ಲಿ ತಗಡಿಲ್ಲ, ಪುಟ್ಟಿ ಇದೆ. ಮೇಲೆ ಥಳುಕು ಒಳಗೆ ಹುಳುಕು. ಉಪ್ಪುಕಾಗದ ಹಿಡಿದು ಉಜ್ಜುತ್ತಾ ಹೋದರೆ ಬಣ್ಣದ ಪದರ, ಅದರಡಿಯಲ್ಲಿ ಇನ್ನೊಂದು ಬಣ್ಣ, ಆಮೇಲೆ ಬೆರಳ ದಪ್ಪದ ಪುಟ್ಟಿ, ಅದನ್ನು ಹಿಡಿದು ನಿಲ್ಲಿಸಲು ಕಿಟಕಿಗೆ ಹೊಡೆಯುವ ಜಾಲರಿ, ಜಾಲರಿಯ ಹಿಂದೆ ಉಂಡೆ ಮಾಡಿ ತುರುಕಿದ ದಿನಪತ್ರಿಕೆ. ಪತ್ರಿಕೆಯಲ್ಲಿ ಓದಬಲ್ಲಷ್ಟು ಉಳಿದದ್ದು ಒಂದು ವರ್ಗೀಕೃತ ಜಾಹೀರಾತು ಮಾತ್ರ. ಯಾರೋ ಸುಸ್ಥಿತಿಯಲ್ಲಿರುವ ಕಾರೊಂದನ್ನು ಮಾರುತ್ತಿದ್ದರು.

ಬಾಗಿಲ ವಿಷಯದಲ್ಲಿ ಅವನ ಅಪರಾಧ ಇನ್ನೂ ಘೋರ. ಕಾರಿನ ಬಾಗಿಲೊಳಗೆ ನೀರು ಹೋಗುವುದಿಲ್ಲವೆಂದು ಬಹಳ ಮಂದಿ ನಂಬಿದ್ದಾರೆ. ಹೋಗುತ್ತದೆ, ಹೋಗಲೆಂದೇ ಬಿಟ್ಟಿದ್ದಾರೆ. ಗಾಜಿನ ಮೇಲೆ ಬಿದ್ದ ಮಳೆನೀರು ರಬ್ಬರಿನ ಸಂದಿನಿಂದ ಒಳಗಿಳಿದು, ಬಾಗಿಲ ತಳದಲ್ಲಿರುವ ಸಣ್ಣ ತೂತುಗಳಿಂದ ಹೊರಗೆ ಹರಿದುಹೋಗಬೇಕು. ಆ ತೂತುಗಳಿಗೆ ಧೂಳು, ಎಲೆಚೂರು ಕಟ್ಟಿಕೊಂಡರೆ ತಗಡು ಒಳಗಿನಿಂದ ಕೊಳೆಯತೊಡಗುತ್ತದೆ; ಹೊರಗಿನ ಬಣ್ಣದಲ್ಲಿ ಗುಳ್ಳೆ ಕಾಣಿಸುವ ಹೊತ್ತಿಗೆ ಒಳಗೆ ಎಲ್ಲ ಮುಗಿದಿರುತ್ತದೆ. ನಮ್ಮ ಮಹಾನುಭಾವ ತುಕ್ಕಿನಿಂದ ರಕ್ಷಿಸುವ ಸದುದ್ದೇಶದಿಂದಲೇ ಕಾರಿನ ಅಡಿಗೆಲ್ಲ ದಪ್ಪನೆಯ ಕಪ್ಪು ಡಾಂಬರು ಲೇಪ ಬಳಿದ. ಜೊತೆಗೆ ಆ ತೂತುಗಳನ್ನೂ ಅಚ್ಚುಕಟ್ಟಾಗಿ ಮುಚ್ಚಿದ. ಕೆಟ್ಟ ಉದ್ದೇಶದವನು ಇಷ್ಟು ಹಾಳು ಮಾಡಲಾರ.

ಬ್ರೇಕಿನ ಡ್ರಮ್ಮಿನ ಬಗ್ಗೆ ಮಾತ್ರ ಹಾಸ್ಯ ಬೇಡ. ಹಳೆಯ ಬ್ರೇಕ್ ಲೈನಿಂಗ್‌ಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತಿತ್ತು; ಅದರ ಧೂಳು ಉಸಿರಿನೊಡನೆ ಒಳಗೆ ಹೋದರೆ ಶ್ವಾಸಕೋಶಕ್ಕೆ ಕೇಡು. ಡ್ರಮ್ಮು ತೆಗೆದ ಕೂಡಲೇ ಬಾಯಿಂದಲೋ ಗಾಳಿಯ ಪೈಪಿನಿಂದಲೋ ಉಫ್ ಎಂದು ಊದುವ ಚಟ ಇರುವವರು ಅದನ್ನು ಬಿಡುವುದು ಲೇಸು. ಒದ್ದೆ ಮಾಡಿ ಒರೆಸಿದರೆ ಆಯಿತು.

ಅವನನ್ನು ಬೈಯುವುದರಲ್ಲಿ ನನಗೆ ಬಹಳ ಸುಖವಿತ್ತು. ಒಂಟಿಯಾಗಿ ಕೆಲಸ ಮಾಡುವವನಿಗೆ ಮಾತಿಗೆ ಯಾರಾದರೂ ಬೇಕಲ್ಲ. ಆದರೆ ಕೆಲಸ ಮುಂದುವರಿದಂತೆ ಬೈಗುಳದ ಬಿಸಿ ಇಳಿಯುತ್ತಾ ಬಂತು. ಅವನು ಪುಟ್ಟಿ ಮೆತ್ತಿದ ಕಾಲಕ್ಕೆ ಇದು ಚಾರಿತ್ರಿಕ ವಾಹನವಾಗಿರಲಿಲ್ಲ, ಬರೀ ಹಳೆಯ ಕಾರಾಗಿತ್ತು. ಹೊಸ ಕಾರಿಗೆ ಮರ್ಯಾದೆ ಇದೆ, ತೀರಾ ಹಳೆಯದಕ್ಕೂ ಇದೆ. ನಡುವಿನ ವಯಸ್ಸಿನ ಕಾರನ್ನು ಕೇಳುವವರಿಲ್ಲ. ಯಾರೂ ಅದರ ಚಿತ್ರ ತೆಗೆಯುವುದಿಲ್ಲ, ಅದಕ್ಕೆ ಹೊದಿಕೆ ಹೊದಿಸುವುದಿಲ್ಲ. ಅದು ನಾಳೆ ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಡಬೇಕು, ಮಾಲೀಕನನ್ನು ಕೆಲಸಕ್ಕೆ ಮುಟ್ಟಿಸಬೇಕು. ಬಾಗಿಲ ಬುಡ ಕೊಳೆತಿದೆ ಎಂದಾಗ ಆ ಮಾಲೀಕನ ಎದುರು ಇದ್ದದ್ದು ಎರಡೇ ದಾರಿ: ಸಂಜೆಯೊಳಗೆ ಏನಾದರೂ ಮೆತ್ತಿಸಿಕೊಂಡು ಹೋಗುವುದು, ಇಲ್ಲವೇ ಗುಜರಿಗೆ ಹಾಕುವುದು. ನನ್ನಂತೆ ತಗಡು ಕತ್ತರಿಸಿ, ಅಳತೆಗೆ ಹೊಸ ತುಂಡು ಬಡಿದು, ವೆಲ್ಡಿಂಗ್ ಮಾಡಿ, ತೇದು, ವಾರಗಟ್ಟಲೆ ಅದನ್ನೇ ನೋಡುತ್ತಾ ಕೂರುವ ಪುರುಸೊತ್ತು ಇದ್ದವರಿಗೆ ಆ ಕಾರೇ ಬೇಕಿರುತ್ತಿರಲಿಲ್ಲ. ಇದರ ಜೊತೆ ಕಾರ್ಖಾನೆಯಿಂದ ಹೊರಟ, ಯಾರೂ ಪುಟ್ಟಿ ಮೆತ್ತದ ಕಾರುಗಳು ಎಲ್ಲಿವೆ? ಕರಗಿ, ಸರಳುಗಳಾಗಿ, ಯಾವುದೋ ಕಟ್ಟಡದ ಕಾಂಕ್ರೀಟಿನೊಳಗೆ ಸೇರಿರಬೇಕು. ಆ ಜಾಲರಿ, ಆ ಪತ್ರಿಕೆಯ ಉಂಡೆ ಇದನ್ನು ಇನ್ನಷ್ಟು ವರ್ಷ ರಸ್ತೆಯ ಮೇಲೆ ಉಳಿಸಿದ್ದರಿಂದಲೇ ನನಗೆ ಬೈಯಲು ಒಂದು ಕಾರು ಸಿಕ್ಕಿತು. ಹಾಗೆಂದು ಡಾಂಬರು ಲೇಪವನ್ನು ನಾನು ಕ್ಷಮಿಸಿಲ್ಲ.

ಅವರಲ್ಲೂ ಒಬ್ಬ ಬೇರೆಯವನಿದ್ದ. ಹಿಂಬದಿಯ ಕಮಾನು ಪಟ್ಟಿಯ ಬೋಲ್ಟುಗಳನ್ನು ನೋಡಿದಾಗ ಈ ವರ್ಷ ಇಲ್ಲೇ ಕಳೆಯುತ್ತದೆ ಎಂದುಕೊಂಡಿದ್ದೆ. ರಸ್ತೆಯ ನೀರು, ಕೆಸರು ನೇರ ಬಡಿಯುವ ಜಾಗ ಅದು. ವೈರ್ ಬ್ರಷ್ಷಿನಿಂದ ಉಜ್ಜಿ, ಎಣ್ಣೆ ಬಿಟ್ಟು, ಉದ್ದ ಪೈಪು ಸಿಕ್ಕಿಸಿದ ಸ್ಪಾನರ್ ಹಾಕಿ ಒತ್ತಿದರೆ ಬೋಲ್ಟು ಸಲೀಸಾಗಿ ಬಂದುಬಿಟ್ಟಿತು. ನನ್ನ ಗೆಣ್ಣು ಚಾಸಿಗೆ ಬಡಿದು ಸಿಪ್ಪೆ ಎದ್ದಿತು, ಆ ಮಾತು ಬೇರೆ. ಹೊರತೆಗೆದು ನೋಡಿದರೆ ಥ್ರೆಡ್‌ಗಳ ಉದ್ದಕ್ಕೂ ಕಪ್ಪಗೆ ಗಟ್ಟಿಯಾದ ಗ್ರೀಸ್, ಅದನ್ನು ಒರೆಸಿದರೆ ಕೆಳಗೆ ಥಳಥಳಿಸುವ ಉಕ್ಕು. ಯಾರೋ ಒಬ್ಬ, ಎಂದೋ, ಬೋಲ್ಟು ಬಿಗಿಯುವ ಮೊದಲು ಬೆರಳ ತುದಿಯಲ್ಲಿ ಒಂದಿಷ್ಟು ಗ್ರೀಸ್ ತೆಗೆದುಕೊಂಡು ಸವರಿದ್ದ. ಗಿರಾಕಿ ಇದನ್ನು ನೋಡುವುದಿಲ್ಲ, ಬಿಲ್ಲಿನಲ್ಲಿ ಇದು ಬರುವುದಿಲ್ಲ. ಮುಂದೆ ಇದನ್ನು ಬಿಚ್ಚುವವನ ಹೊರತು ಇನ್ನಾರಿಗೂ ಇದರಿಂದ ಪ್ರಯೋಜನವಿಲ್ಲ. ಗ್ರೀಸ್ ಸವರಿದವನಿಗೂ ಪುಟ್ಟಿಯವನಿಗೂ ಪರಿಚಯವಿದ್ದಿರಬಹುದೇ? ಒಬ್ಬನೇ ಆಗಿದ್ದಿರಲೂಬಹುದು, ಒಂದು ದಿನ ಪುರುಸೊತ್ತು ಇದ್ದಿರಬಹುದು, ಇನ್ನೊಂದು ದಿನ ಇಲ್ಲದಿರಬಹುದು.

ಫಿವಾದವರು ಟುರಿನ್ ಸನ್ನದು ಎಂಬ ನಿಯಮಾವಳಿಯನ್ನೂ ಮಾಡಿಟ್ಟಿದ್ದಾರೆ. ಪ್ರಾಚೀನ ಸ್ಮಾರಕಗಳ ರಕ್ಷಣೆಗಾಗಿ ಇರುವ 1964ರ ವೆನಿಸ್ ಸನ್ನದಿನ ಜಾಡಿನಲ್ಲೇ ಅದು ನಡೆಯುತ್ತದೆ. ವಾಹನಕ್ಕೆ ಏನು ಮಾಡಿದರೂ ಅದನ್ನು ದಾಖಲಿಸಿ ಇಡಬೇಕು ಎನ್ನುತ್ತದೆ. ದೇವಾಲಯದ ಗೋಪುರಕ್ಕೆ ಇರುವ ನಿಯಮ ನನ್ನ ಕಾರಿನ ಮಡ್‌ಗಾರ್ಡಿಗೂ ಅನ್ವಯಿಸುತ್ತದೆಂದು ತಿಳಿದಾಗ ಎದೆ ಉಬ್ಬಿತು. ಅಂದಿನಿಂದ ಒಂದು ಉದ್ದ ನೋಟ್‌ಪುಸ್ತಕದಲ್ಲಿ ಬರೆಯುತ್ತಿದ್ದೇನೆ. ಯಾವ ತುಂಡು ಮೂಲದ್ದು, ಯಾವುದು ನಾನು ಹಾಕಿದ್ದು, ಯಾವ ಬೋಲ್ಟಿಗೆ ಯಾವ ಸ್ಪಾನರ್. ಬರೆಯುತ್ತಾ ಬರೆಯುತ್ತಾ ದಾಖಲೆಯ ಭಾಷೆ ತಪ್ಪಿ ಕಾಗದದ ಭಾಷೆ ಬಂದುಬಿಡುತ್ತದೆ. ‘ಬಲಬಾಗಿಲಿನ ತಳದ ತೂತುಗಳನ್ನು ತೆರೆದಿದ್ದೇನೆ, ದಯವಿಟ್ಟು ಮುಚ್ಚಬೇಡಿ.’ ‘ಹೀಟರಿನ ಹಿಂದಿನ ತಿರುಪು ನಾನು ಬಿಗಿದದ್ದಲ್ಲ, ನನ್ನನ್ನು ಬೈಯಬೇಡಿ.’ ‘ಎಡಗಡೆಯ ಚಕ್ರದ ನಟ್ಟುಗಳು ಎಡಮುರಿ, ಉಳಿದವಕ್ಕೆ ಉಲ್ಟಾ ದಿಕ್ಕಿನಲ್ಲಿ ಬಿಚ್ಚಬೇಕು.’ ಚಕ್ರ ಉರುಳುತ್ತಾ ಉರುಳುತ್ತಾ ನಟ್ಟು ತಾನೇ ಸಡಿಲಗೊಂಡೀತೆಂಬ ಅಂಜಿಕೆಯಿಂದ ಕೆಲವು ಕಂಪನಿಗಳು ಹಾಗೆ ಮಾಡುತ್ತಿದ್ದವು. ಅಮೆರಿಕದ ಕ್ರೈಸ್ಲರ್ ದಶಕಗಳ ಕಾಲ ಮಾಡಿತು. ಗೊತ್ತಿಲ್ಲದವರು ಸ್ಪಾನರಿಗೆ ಪೈಪು ಸಿಕ್ಕಿಸಿ, ಅದರ ಮೇಲೆ ಹತ್ತಿ ನಿಂತು, ಬಿಚ್ಚುತ್ತಿದ್ದೇವೆಂದುಕೊಂಡು ಬಿಗಿಯುತ್ತಲೇ ಇರುತ್ತಾರೆ.

ಆದ್ದರಿಂದ ಈ ಪುಸ್ತಕ ಕಾರಿನೊಳಗೇ ಇರಬೇಕು, ಡ್ಯಾಶ್‌ಬೋರ್ಡಿನ ಗೂಡಿನಲ್ಲಿ. ಆ ಗೂಡಿನ ಮುಚ್ಚಳಕ್ಕೆ ನಿನ್ನೆಯೂ ಎಣ್ಣೆ ಬಿಟ್ಟೆ. ತೆರೆಯಲಿಲ್ಲ.