ತಗಡು ಹೊದಿಸಿದ ಸಿರಿವಂತರು

ಹಳ್ಳಿಯ ಬಡವರಿಗೆ ಮನೆ ಕಟ್ಟಿಕೊಳ್ಳಲು ಸರ್ಕಾರ ಸಹಾಯಧನ ಕೊಡುವ, ಇಂದಿರಾ ಆವಾಸ್ ಯೋಜನೆಯ ಜಾಗದಲ್ಲಿ 2016ರಲ್ಲಿ ಬಂದ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯ ನಿಯಮಗಳನ್ನು ಓದಿದವರಿಗೆ, ಈ ದೇಶದಲ್ಲಿ ಬಡವರಾಗಿರುವುದಕ್ಕೂ ಎಷ್ಟು ಶಿಸ್ತು ಬೇಕು ಎಂಬುದು ಮನವರಿಕೆಯಾಗುತ್ತದೆ. ಸುಮ್ಮನೆ ಬಡವರಾಗಿದ್ದರೆ ಸಾಲದು. ಗೋಡೆಯೂ ಕಚ್ಚಾ ಇರಬೇಕು, ಚಾವಣಿಯೂ ಕಚ್ಚಾ ಇರಬೇಕು, ಕೋಣೆಗಳು ಎರಡನ್ನು ಮೀರಬಾರದು. ಮಳೆಗಾಲಕ್ಕೆ ಹೆದರಿ, ಮಣ್ಣಿನ ಗೋಡೆಯ ಮೇಲಿದ್ದ ಸೋಗೆಯನ್ನು ಕಿತ್ತು ನಾಲ್ಕು ತಗಡು ಹೊದಿಸಿದ ಕುಟುಂಬ ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡಂತೆ, ಏಕೆಂದರೆ ಫಲಾನುಭವಿಗಳ ಪಟ್ಟಿಗೆ ಆಧಾರವಾದ 2011ರ ಸಾಮಾಜಿಕ, ಆರ್ಥಿಕ ಮತ್ತು ಜಾತಿ ಗಣತಿಯ ಲೆಕ್ಕದಲ್ಲಿ ತಗಡು ಪಕ್ಕಾ ಚಾವಣಿ. ಕಾರ್ಖಾನೆಯ ಹೆಂಚೂ ಪಕ್ಕಾ. ಕೈಯಿಂದ ತಟ್ಟಿದ ನಾಡಹೆಂಚಾದರೆ ಮಾತ್ರ ಬಡತನಕ್ಕೆ ಮಾನ್ಯತೆ. ಗಣತಿಯವರು ಚಾವಣಿ ಯಾವುದರದ್ದು ಎಂದು ಕೇಳಿದರೇ ಹೊರತು, ಅದು ಸೋರುತ್ತದೆಯೇ ಎಂದು ಕೇಳಲಿಲ್ಲ.

ಆ ಪಟ್ಟಿಯಲ್ಲಿ ಹೆಸರು ಬಿಟ್ಟುಹೋದವರಿಗಾಗಿ 2018ರಲ್ಲಿ ಆವಾಸ್ ಪ್ಲಸ್ ಎಂಬ ಸಮೀಕ್ಷೆ ಆರಂಭವಾಯಿತು. ಅಲ್ಲಿಯವರೆಗೆ ಅವರು ಬಡವರೇ ಆಗಿದ್ದರೂ ದಾಖಲೆಯಲ್ಲಿ ಇರಲಿಲ್ಲ, ಅಷ್ಟೆ.

ಚಾವಣಿಯಲ್ಲಿ ಪಾಸಾದವರನ್ನು ಮುಂದೆ ಹದಿಮೂರು ಬಗೆಯ ಅನರ್ಹತೆಗಳು ಕಾಯುತ್ತಿದ್ದವು. ಮನೆಯಲ್ಲಿ ಫ್ರಿಡ್ಜ್ ಇದ್ದರೆ ಹೆಸರು ಹೊರಗೆ; ಅದು ಯಾವ ಕಾಲಕ್ಕೋ ಕೆಟ್ಟು, ಒಳಗೆ ಮಕ್ಕಳ ಬಟ್ಟೆ ಮಡಚಿಟ್ಟು ಬೀರುವಿನಂತೆ ಬಳಸುತ್ತಿರುವ ಫ್ರಿಡ್ಜ್ ಆಗಿದ್ದರೂ ನಿಯಮದ ಕಣ್ಣಿಗೆ ಫ್ರಿಡ್ಜೇ. ಸ್ಥಿರ ದೂರವಾಣಿ ಇದ್ದರೂ ಹೊರಗೆ. ಜೇಬಿನಲ್ಲಿ ಮೊಬೈಲ್ ಇದ್ದರೆ ಅಡ್ಡಿಯಿಲ್ಲ, ಗೋಡೆಗೆ ತಂತಿ ಎಳೆದ ಫೋನ್ ಮಾತ್ರ ಶ್ರೀಮಂತಿಕೆಯ ಗುರುತು. ಹುಟ್ಟು ಹಾಕಿ ಮೀನು ಹಿಡಿಯುವವನು ಅರ್ಹ, ದೋಣಿಗೆ ಮೋಟಾರು ಕಟ್ಟಿಕೊಂಡವನು ಅನರ್ಹ. ಅಂಥವನಿಗೆ ಮನೆಯೇಕೆ, ದೋಣಿಯಲ್ಲೇ ಮಲಗಬಹುದಲ್ಲ ಎಂದು ಯಾರೋ ದೂರಾಲೋಚನೆ ಮಾಡಿರಬೇಕು. ಇನ್ನು ಮನೆಯ ಹುಡುಗನೊಬ್ಬ ಪೇಟೆಯಲ್ಲಿ ಸೆಕ್ಯುರಿಟಿ ಕೆಲಸಕ್ಕೆ ಸೇರಿ, ತಿಂಗಳಿಗೆ 10,000 ರೂಪಾಯಿಯ ಮೇಲೆ ಒಂದು ನೂರು ಹೆಚ್ಚಿಗೆ ತಂದರೆ, ಅಜ್ಜಿಯಿಂದ ಮೊಮ್ಮಕ್ಕಳವರೆಗೆ ಇಡೀ ಕುಟುಂಬದ ಬಡತನ ಅಂದಿಗೇ ರದ್ದು. ಮಗ ಕೆಲಸಕ್ಕೆ ಸೇರಿದ್ದಕ್ಕೆ ಸಂತೋಷಪಡಬೇಕೋ ಬೇಡವೋ ಎಂದು ಹೆತ್ತವರು ಪಂಚಾಯಿತಿಯಲ್ಲಿ ವಿಚಾರಿಸಿಕೊಂಡು ಬರುವುದು ಕ್ಷೇಮ.

ಎಂಟು ವರ್ಷ ಹೀಗೆ ನಡೆದ ಮೇಲೆ, 2024ರಲ್ಲಿ ಸರ್ಕಾರದ ಮನಸ್ಸು ಕರಗಿತು. ಫ್ರಿಡ್ಜ್, ಸ್ಥಿರ ದೂರವಾಣಿ, ದ್ವಿಚಕ್ರ ವಾಹನ ಮತ್ತು ದೋಣಿಯನ್ನು ಅನರ್ಹತೆಯ ಪಟ್ಟಿಯಿಂದ ಕೈಬಿಟ್ಟು, ಆದಾಯದ ಮಿತಿಯನ್ನು 15,000 ರೂಪಾಯಿಗೆ ಏರಿಸಲಾಯಿತು. ಸ್ಥಿರ ದೂರವಾಣಿಗೆ ಕ್ಷಮಾದಾನ ಸಿಗುವ ಹೊತ್ತಿಗೆ ಹಳ್ಳಿಗಳಲ್ಲಿ ಅದನ್ನು ಹುಡುಕಿಕೊಂಡು ಹೋಗಬೇಕಾದ ಸ್ಥಿತಿ ಬಂದಿತ್ತು ಎಂಬುದು ಬೇರೆ ಮಾತು.

ಕದಲದೆ ಉಳಿದದ್ದು ಸಹಾಯಧನದ ಮೊತ್ತ. ಬಯಲು ಪ್ರದೇಶದ ಮನೆಗೆ 2016ರಲ್ಲಿ ಗೊತ್ತುಮಾಡಿದ್ದು 1.20 ಲಕ್ಷ ರೂಪಾಯಿ. ಯೋಜನೆಯನ್ನು 2029ರವರೆಗೆ ಮುಂದುವರಿಸಲು ತೀರ್ಮಾನಿಸಿದಾಗಲೂ ಅಷ್ಟೇ. ಉದ್ಯೋಗ ಖಾತ್ರಿಯ ಕೂಲಿ ಮತ್ತು ಶೌಚಾಲಯದ ಹಣ ಪ್ರತ್ಯೇಕ, ನಿಜ. ಆದರೆ ಅಡುಗೆಯ ಜಾಗವೂ ಸೇರಿ ಕನಿಷ್ಠ 25 ಚದರ ಮೀಟರಿನ ಪಕ್ಕಾ ಮನೆ ಎದ್ದು ನಿಲ್ಲಬೇಕಾದರೆ ಸಿಮೆಂಟು, ಕಬ್ಬಿಣ ಮತ್ತು ಗಾರೆಯವರ ಕೂಲಿಯೂ 2016ರಲ್ಲೇ ನಿಂತಿರಬೇಕಿತ್ತು. ಹಣವಾದರೂ ಒಟ್ಟಿಗೆ ಬರುವುದಿಲ್ಲ. ಪ್ರತಿ ಹಂತದಲ್ಲೂ ಅರ್ಧ ಎದ್ದ ಗೋಡೆಯ ಮುಂದೆ ಫಲಾನುಭವಿಯನ್ನು ನಿಲ್ಲಿಸಿ ಜಿಪಿಎಸ್ ಫೋಟೊ ತೆಗೆದು, ಅದು ಅಪ್‌ಲೋಡ್ ಆಗಿ, ಮೇಲಿನವರು ಒಪ್ಪಿದ ಬಳಿಕವಷ್ಟೇ ಬಿಲ್ ಆಗುತ್ತದೆ. ಅಲ್ಲಿಯವರೆಗೆ ಗಾರೆಯವರನ್ನು ಕಾಯಿಸಲಾಗದೆ ಆತ ಕೈಸಾಲಕ್ಕೆಂದು ಊರಿನ ಫೈನಾನ್ಸಿನವರ ಬಾಗಿಲಿಗೆ ಹೋಗುತ್ತಾನೆ. ಅವರದ್ದು ಒಂದೇ ಪ್ರಶ್ನೆ: "ಬೈಕ್ ಇದೆಯೇನಪ್ಪ? ಆರ್‌ಸಿ ತಂದಿದ್ದೀಯಾ?"