'ವೆರಿ ಹ್ಯಾಪಿ' ಒಂದೇ ಸಾಕಾಗಲ್ಲ

ಹೋದ ವಾರ ನಮ್ಮ ತಂಡದ ಹುಡುಗಿಯೊಬ್ಬಳು ಮೊಬೈಲ್ ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದಳು. ಮುಖ ಬಾಡಿಹೋಗಿತ್ತು. "ಮೇಡಂ, ನನ್ನ ಕೆಲಸ ಅವರಿಗೆ ಹಿಡಿಸಿಲ್ಲ ಅನ್ಸುತ್ತೆ" ಅಂದಳು. ಎರಡು ವಾರ ಕಷ್ಟಪಟ್ಟು ಮಾಡಿದ್ದ ವರದಿ ಅದು. ಇಂಗ್ಲೆಂಡಿನಲ್ಲಿರುವ ಗ್ರಾಹಕರು ಒಂದೇ ಸಾಲಿನ ಉತ್ತರ ಕಳಿಸಿದ್ದರು: 'ಐ ಕುಡಂಟ್ ಬಿ ಹ್ಯಾಪಿಯರ್ ವಿತ್ ದಿಸ್.' ಅವಳ ಕಣ್ಣು ಆ 'ಕುಡಂಟ್' ಮೇಲೆಯೇ ನಿಂತುಬಿಟ್ಟಿತ್ತು. 'ಸಾರಿ, ಮತ್ತೆ ಮಾಡಿ ಕಳಿಸ್ತೀನಿ' ಅಂತ ಅರ್ಧ ಟೈಪ್ ಕೂಡ ಮಾಡಿದ್ದಳು.

ಆ ಸಾಲಿನ ಅರ್ಥ ಪೂರ್ತಿ ಬೇರೆ. ಇದಕ್ಕಿಂತ ಜಾಸ್ತಿ ಖುಷಿಪಡೋಕೆ ನನ್ನಿಂದ ಸಾಧ್ಯವೇ ಇಲ್ಲ, ಕೊಡ ತುಂಬಿದೆ, ಇನ್ನೊಂದು ಹನಿಯೂ ಹಿಡಿಸಲ್ಲ ಅಂತ. ಅವಳಿಗೆ ಸಿಕ್ಕಿದ್ದು ದೊಡ್ಡ ಮೆಚ್ಚುಗೆ. ಆದರೆ ಅದು ಮೆಚ್ಚುಗೆ ಅಂತಲೇ ಗೊತ್ತಾಗಿರಲಿಲ್ಲ. ನನಗೆ ತುಂಬಾ ಸಂಕಟವಾಯಿತು. ಇಷ್ಟು ವರ್ಷ ಇಂಗ್ಲಿಷ್ ಓದಿಸುತ್ತಾರೆ, ರಜಾ ಅರ್ಜಿ ಬರೆಯೋದು ಕಲಿಸುತ್ತಾರೆ, ದೂರು ಕೊಡೋದು ಕಲಿಸುತ್ತಾರೆ. ಖುಷಿಯನ್ನು ಹೇಳೋದು, ಬೇರೆಯವರು ಹೇಳಿದಾಗ ತಿಳಿದುಕೊಳ್ಳೋದು ಮಾತ್ರ ಯಾರೂ ಕಲಿಸಲ್ಲ.

ಕಲಿಸಿದರೂ 'ಖುಷಿಯಲ್ಲಿ ತೇಲುತ್ತಿದ್ದೀನಿ' ಅನ್ನೋ ಅರ್ಥದ ಮಾತುಗಳ ಒಂದು ಪಟ್ಟಿ ಕೊಡುತ್ತಾರೆ. 'ಓವರ್ ದಿ ಮೂನ್', 'ಆನ್ ಕ್ಲೌಡ್ ನೈನ್', 'ಇನ್ ಸೆವೆಂತ್ ಹೆವನ್', 'ಟಿಕಲ್ಡ್ ಪಿಂಕ್'. ಬಾಯಿಪಾಠ ಮಾಡಿ ಅಂತಾರೆ. ಇವು ಚೆನ್ನಾಗಿಲ್ಲ ಅಂತ ಅಲ್ಲ. ನಮ್ಮಲ್ಲಿ ಸ್ವರ್ಗಕ್ಕೆ ಮೂರೇ ಗೇಣು ಅನ್ನೋ ಹಾಗೆ ಅವರಿಗೆ ಚಂದ್ರನ ಆಚೆ. ಆದರೆ ನಾವೂ ಮೂರೇ ಗೇಣು ಅಂತ ದಿನಾ ಹೇಳಲ್ಲ, ಅಲ್ವಾ? 'ಓವರ್ ದಿ ಮೂನ್' ಕೂಡ ಹಾಗೇ. 1970ರ ದಶಕದಲ್ಲಿ ಬ್ರಿಟನ್ನಿನ ಫುಟ್‌ಬಾಲ್ ಆಟಗಾರರು, ಮ್ಯಾನೇಜರ್‌ಗಳು ಪಂದ್ಯ ಗೆದ್ದಾಗಲೆಲ್ಲ ಅದನ್ನೇ ಹೇಳಿ ಹೇಳಿ ಸವೆಸಿಬಿಟ್ಟರು. ಮಗು ಹುಟ್ಟಿದಾಗ, ವರ್ಷಗಟ್ಟಲೆ ಕಾದ ಕೆಲಸ ಸಿಕ್ಕಾಗ ಹೇಳಿದರೆ ಆ ಮಾತಿಗೆ ತೂಕ. ಮೀಟಿಂಗ್ ಅರ್ಧ ಗಂಟೆ ಮುಂದಕ್ಕೆ ಹೋಯಿತು ಅನ್ನೋದಕ್ಕೆಲ್ಲ ಹೇಳೋ ಮಾತಲ್ಲ ಅದು.

ನನಗೆ ಎಲ್ಲಕ್ಕಿಂತ ಇಷ್ಟವಾದ ಪದ 'ಗ್ಲ್ಯಾಡ್'. ಚಿಕ್ಕ ಪದ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಹೊಳೆಯುವ, ಬೆಳಗುವ ಅನ್ನೋ ಅರ್ಥವೂ ಇತ್ತು. 'ಐಯಾಮ್ ಗ್ಲ್ಯಾಡ್ ಯು ಕೇಮ್' ಅಂದರೆ ಬರೀ ಸಂತೋಷ ಅಲ್ಲ, ಅದರೊಳಗೆ ಸಮಾಧಾನದ ಒಂದು ಉಸಿರಿದೆ. ನಾವು "ಸದ್ಯ, ಬಂದೆಯಲ್ಲ!" ಅಂತೀವಲ್ಲ, ಆ 'ಸದ್ಯ' ಅದು. ಆಸ್ಪತ್ರೆಯಿಂದ ಮನೆಗೆ ಬಂದವರಿಗೆ 'ಐಯಾಮ್ ಸೋ ಗ್ಲ್ಯಾಡ್ ಯು ಆರ್ ಹೋಮ್' ಅಂತ ಬರೆದು ನೋಡಿ. 'ವೆರಿ ಹ್ಯಾಪಿ' ಅಲ್ಲಿ ಕೈಗೆ ಸಿಗದ ಏನೋ ಒಂದನ್ನು ಇದು ಮುಟ್ಟುತ್ತದೆ.

'ಹ್ಯಾಪಿ'ಯ ಕಥೆಯೂ ಚೆನ್ನಾಗಿದೆ. 'ಹ್ಯಾಪ್' ಅಂದರೆ ಅದೃಷ್ಟ, ಆಕಸ್ಮಿಕ. 'ಹ್ಯಾಪನ್', 'ಪರ್‌ಹ್ಯಾಪ್ಸ್', 'ಮಿಸ್‌ಹ್ಯಾಪ್' ಎಲ್ಲವೂ ಅದೇ ಬೇರಿನವು. ಮೊದಮೊದಲು 'ಹ್ಯಾಪಿ' ಅಂದರೆ ಅದೃಷ್ಟವಂತ ಅಂತಲೇ ಅರ್ಥ. ತಾನಾಗಿ ಒದಗಿ ಬಂದದ್ದು. ನಮ್ಮ ಭಾಷೆಯಲ್ಲೂ ಖುಷಿ ಹಾಗೇ ಬರುತ್ತದೆ ನೋಡಿ. "ನಾನು ಖುಷಿ" ಅನ್ನಲ್ಲ, "ನನಗೆ ಖುಷಿಯಾಯ್ತು" ಅಂತೀವಿ. ಖುಷಿ ನಮ್ಮ ಹತ್ತಿರ ನಡೆದು ಬಂದ ಹಾಗೆ.

ನಮ್ಮವರು ಎಡವೋದೂ ಇಲ್ಲೇ. ಖುಷಿಯಾಯ್ತು ಅನ್ನೋದನ್ನು ಹಾಗೇ ಎತ್ತಿಟ್ಟು 'ಐ ಬಿಕೇಮ್ ವೆರಿ ಹ್ಯಾಪಿ' ಅಂತಾರೆ. ಅರ್ಥವಾಗುತ್ತದೆ, ಆದರೆ ಇಂಗ್ಲಿಷ್ ಮನೆಮಾತಿನವರು ಅಲ್ಲಿ ಹಾಗೆ ಹೇಳಲ್ಲ. 'ಐ ವಾಸ್ ಸೋ ಹ್ಯಾಪಿ' ಅಂತಾರೆ. ಇಲ್ಲವಾದರೆ 'ದಟ್ ಮೇಡ್ ಮಿ ಸೋ ಹ್ಯಾಪಿ' ಅಂತಾರೆ. ಈ ಎರಡನೆಯದು ನಮ್ಮ "ಅದನ್ನು ಕೇಳಿ ಖುಷಿಯಾಯ್ತು" ಅನ್ನೋದಕ್ಕೆ ತೀರಾ ಹತ್ತಿರ. ಖುಷಿ ಎಲ್ಲಿಂದ ಬಂತು ಅಂತಲೂ ಹೇಳುತ್ತದೆ. ಇನ್ನೊಂದು ತಪ್ಪು 'ಐಯಾಮ್ ಎಕ್ಸೈಟಿಂಗ್'. ಉತ್ಸಾಹ ನನ್ನಲ್ಲಿದ್ದರೆ 'ಎಕ್ಸೈಟೆಡ್', ಉತ್ಸಾಹ ಹುಟ್ಟಿಸೋ ಸಂಗತಿ 'ಎಕ್ಸೈಟಿಂಗ್'. 'ವೆರಿ ಡಿಲೈಟೆಡ್' ಅನ್ನೋದೂ ಕಿವಿಗೆ ಅಷ್ಟು ಕೂರಲ್ಲ. 'ಡಿಲೈಟೆಡ್' ಒಳಗೇ 'ತುಂಬಾ' ಅನ್ನೋದು ಕೂತಿದೆ. ಒತ್ತಿ ಹೇಳಬೇಕು ಅಂದರೆ 'ಆಬ್ಸೊಲ್ಯೂಟ್ಲಿ ಡಿಲೈಟೆಡ್' ಅನ್ನಿ.

'ಹ್ಯಾಪಿ' ಬಂದ ಕಡೆಯೆಲ್ಲ ಸಂತೋಷ ಹುಡುಕೋದೂ ಬೇಡ. 'ಐಯಾಮ್ ಹ್ಯಾಪಿ ಟು ವೇಟ್' ಅಂದವರು ಕಾಯೋದಕ್ಕೆ ಕುಣಿದಾಡುತ್ತಿಲ್ಲ, ಕಾಯ್ತೀನಿ, ನನಗೇನೂ ತೊಂದರೆ ಇಲ್ಲ ಅಂತಿದ್ದಾರೆ.

ಈಗ ನಾನು ಹೇಳಲೇಬೇಕು ಅಂತ ಕೂತ ಮಾತು: 'ಐಯಾಮ್ ಸೋ ಹ್ಯಾಪಿ ಫಾರ್ ಯು.' ಆ 'ಫಾರ್' ಎಷ್ಟು ಕೆಲಸ ಮಾಡುತ್ತದೆ ಅಂತ ಯೋಚಿಸಿ. ನನಗೆ ಏನೂ ಸಿಕ್ಕಿಲ್ಲ, ಸಿಕ್ಕಿದ್ದು ನಿನಗೆ, ಆದರೂ ನನ್ನ ಎದೆ ತುಂಬಿದೆ ಅನ್ನೋದನ್ನು ಮೂರಕ್ಷರದ ಒಂದು ಪದ ಹೊತ್ತು ನಿಲ್ಲುತ್ತದೆ. 'ಹ್ಯಾಪಿ ವಿತ್ ಯು' ಅಂತ ಬರೆದರೆ ಮಾತೇ ತಿರುಗಿಹೋಗುತ್ತದೆ, ನಿನ್ನ ಕೆಲಸ ತೃಪ್ತಿ ಕೊಟ್ಟಿದೆ ಅಂತ ಮೇಲಧಿಕಾರಿ ಹೇಳಿದ ಹಾಗೆ ಆಗಬಹುದು. ಗೆಳತಿಗೆ ಪ್ರಮೋಷನ್ ಆದಾಗ ಎಲ್ಲರೂ 'ಕಾಂಗ್ರಾಟ್ಸ್' ಹಾಕುತ್ತಾರೆ. ಅದು ಸಾಧನೆಗೆ ಹೇಳೋ ಮಾತು. 'ಹ್ಯಾಪಿ ಫಾರ್ ಯು' ಆ ಮನುಷ್ಯರಿಗೇ ಹೇಳೋ ಮಾತು. ದಯವಿಟ್ಟು ಇದನ್ನು ಕಲಿಯಿರಿ, ಮನಸ್ಸಿದ್ದಾಗ ಧಾರಾಳವಾಗಿ ಬಳಸಿರಿ. 'ಗುಡ್ ಫಾರ್ ಯು' ಹತ್ತಿರ ಮಾತ್ರ ಸ್ವಲ್ಪ ಹುಷಾರು, ದನಿ ತಪ್ಪಿದರೆ ಅದು ಹೊಟ್ಟೆಕಿಚ್ಚಿನ ಹಾಗೆ ಕೇಳಿಸಿಬಿಡುತ್ತದೆ.

ಊರೂರಿಗೆ ಪದ ಬೇರೆ ಅನ್ನೋದೂ ನೆನಪಿರಲಿ. ಬ್ರಿಟನ್ನಿನವರು ಹಿಗ್ಗಿದರೆ 'ಚಫ್ಡ್' ಅಂತಾರೆ. ಅವರ ಬಾಯಲ್ಲಿ 'ನಾಟ್ ಬ್ಯಾಡ್ ಅಟ್ ಆಲ್' ಬಂದರೆ ಅದು ಎಷ್ಟೋ ಸಲ ಒಳ್ಳೆಯ ಹೊಗಳಿಕೆಯೇ. ಅಮೆರಿಕದ ಹುಡುಗರು 'ಸ್ಟೋಕ್ಡ್' ಅಂತಾರೆ, ಅಲೆಗಳ ಮೇಲೆ ಸರ್ಫಿಂಗ್ ಮಾಡೋರ ಮಾತಿನಿಂದ ಹರಡಿದ ಪದ. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕಡೆಯವರದು 'ಹ್ಯಾಪಿ ಆಸ್ ಲ್ಯಾರಿ'. ಅಮೆರಿಕದವರ 'ಹ್ಯಾಪಿ ಆಸ್ ಎ ಕ್ಲ್ಯಾಮ್' ನನಗೆ ಮೊದಲು ಅರ್ಥವೇ ಆಗಿರಲಿಲ್ಲ. ಚಿಪ್ಪಿನೊಳಗಿನ ಮೃದ್ವಂಗಿಗೆ ಎಂಥ ಖುಷಿ? ಪೂರ್ತಿ ಮಾತು 'ಅಟ್ ಹೈ ಟೈಡ್' ಅಂತ ಮುಗಿಯುತ್ತದೆ. ಕಡಲು ಇಳಿದಾಗ ಜನ ಮರಳು ಅಗೆದು ಅದನ್ನು ಹಿಡಿಯುತ್ತಾರೆ. ನೀರು ಏರಿದಾಗ ಯಾರೂ ಮುಟ್ಟೋಕಾಗಲ್ಲ. ಎಷ್ಟು ಸರಿಯಾದ ಮಾತು! ಕೆಲವು ದಿನ ಯಾರ ಫೋನೂ ಇಲ್ಲ, ಯಾವ ಕೆಲಸವೂ ಬಾಕಿ ಇಲ್ಲ, ಸುಮ್ನೆ ಕೂತಿರುತ್ತೀವಿ. ಆ ಖುಷಿಗೆ ಸಿಕ್ಕ ಹೆಸರು ಇದು.

2015ರಲ್ಲಿ ಆಕ್ಸ್‌ಫರ್ಡ್ ನಿಘಂಟಿನವರು ವರ್ಷದ ಪದ ಅಂತ ಆರಿಸಿದ್ದು ಪದವನ್ನೇ ಅಲ್ಲ, ನಕ್ಕು ನಕ್ಕು ಕಣ್ಣೀರು ಸುರಿಸೋ ಎಮೋಜಿಯನ್ನು. ನಾನೂ ದಿನಾ ಹಾಕ್ತೀನಿ. ಆದರೆ ಒಬ್ಬರು ಮನಸ್ಸು ಬಿಚ್ಚಿ ನಾಲ್ಕು ಸಾಲು ಬರೆದಾಗ ಒಂದು ಹಳದಿ ಮುಖ ಹಾಕಿ ಮುಂದೆ ಹೋಗೋದು ನನಗೆ ಸರಿ ಕಾಣಲ್ಲ.

ಆ ಹುಡುಗಿಗೆ ಸಾಲಿನ ಅರ್ಥ ಬಿಡಿಸಿ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಟೈಪ್ ಮಾಡಿದ್ದ 'ಸಾರಿ'ಯನ್ನು ಒಂದೊಂದೇ ಅಕ್ಷರ ಅಳಿಸಿದಳು.

"ಏನಂತ ಬರೀಲಿ ಮೇಡಂ? ಐಯಾಮ್ ವೆರಿ ಹ್ಯಾಪಿ ಅಂತ ಹಾಕ್ಲಾ?"

"ಈಗ ನಿಂಗೆ ಹೇಗನ್ನಿಸ್ತಿದೆ ಹೇಳು."

"ಇವತ್ತು ಇನ್ನೇನೂ ಬೇಡ, ಇಷ್ಟೇ ಸಾಕು ಅನ್ನಿಸ್ತಿದೆ."

"ಅದಕ್ಕೂ ಒಂದು ಮಾತಿದೆ ಕಣೇ" ಅಂದೆ. ಅವಳು ಬರೆದಳು: 'ಥ್ಯಾಂಕ್ ಯು. ಯು ಮೇಡ್ ಮೈ ಡೇ.'